ವೇದಿಕೆ ಏರದ ನೃತ್ಯಕ್ಕೆ ಅರ್ಥವಿದೆಯೇ?

ಈ ಬಾರಿ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಉದ್ದವಾಗಿದ್ದ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿಯುವ ಆಸೆಯಿತ್ತು, ಮನೆಯಲ್ಲಿ ಅನುಕೂಲವಿರಲಿಲ್ಲ. ಕಳೆದ ವರ್ಷ ಹತ್ತಿರದ ತರಗತಿಯೊಂದಕ್ಕೆ ಸೇರಿದೆ. ಜೊತೆಯಲ್ಲಿರುವವರೆಲ್ಲ ಒಂಬತ್ತು, ಹತ್ತು ವರ್ಷದ ಮಕ್ಕಳು. ನಾನಿನ್ನೂ ಅಡವುಗಳಲ್ಲೇ, ಅಂದರೆ ಮೂಲ ಹೆಜ್ಜೆಗಳಲ್ಲೇ, ಇದ್ದೇನೆ. ಅತ್ತೆಯವರಿಂದ ಹಿಡಿದು ಆಫೀಸಿನ ಗೆಳತಿಯರವರೆಗೆ ಎಲ್ಲರೂ "ರಂಗಪ್ರವೇಶ ಯಾವಾಗ?" ಎಂದು ಕೇಳುತ್ತಾರೆ. ಅಂಥ ಯೋಚನೆಯೇ ಇಲ್ಲ ಎಂದರೆ "ಹಾಗಾದರೆ ಇಷ್ಟು ಕಷ್ಟ ಯಾಕೆ?" ಎನ್ನುತ್ತಾರೆ. ವೇದಿಕೆ, ಪರೀಕ್ಷೆ ಯಾವುದರ ಉದ್ದೇಶವೂ ಇಲ್ಲದೆ ಕಲಿಯುವುದಕ್ಕೆ ಅರ್ಥವಿದೆಯೇ?
— ಐ.ಟಿ. ಉದ್ಯೋಗಿ, ರಾಜರಾಜೇಶ್ವರಿನಗರ

ಉತ್ತರ: ನಿಮ್ಮ ಗೆಳತಿಯರು ಕೇಳಿದ ಪ್ರಶ್ನೆ ಬಹಳ ಹಳೆಯದು. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಮುನಿಗಳು ಭರತನ ಮುಂದೆ ಹೆಚ್ಚುಕಡಿಮೆ ಇದೇ ಸಂದೇಹವನ್ನು ಇಡುತ್ತಾರೆ. ಅಭಿನಯವಿರುವುದು ಅರ್ಥವನ್ನು ಪ್ರೇಕ್ಷಕರಿಗೆ ಮುಟ್ಟಿಸುವುದಕ್ಕೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ಹಾಡಿನ ಅರ್ಥವನ್ನೂ ಹೇಳದ, ಯಾವ ವಸ್ತುವನ್ನೂ ತೋರಿಸದ ನೃತ್ತವನ್ನು ಏತಕ್ಕಾಗಿ ಮಾಡಿದ್ದು ಎಂಬುದು ಅವರ ಸಂದೇಹ. ಭರತ ಸುತ್ತುಬಳಸದೆ ಉತ್ತರಿಸುತ್ತಾನೆ: ನೃತ್ತಕ್ಕೆ ಯಾವ ಪ್ರಯೋಜನದ ಅಪೇಕ್ಷೆಯೂ ಇಲ್ಲ, ಅದು ಶೋಭೆಯನ್ನು ಉಂಟುಮಾಡುತ್ತದೆ ಎಂಬ ಕಾರಣಕ್ಕಾಗಿಯೇ ಬಳಕೆಗೆ ಬಂತು. ಜನರಿಗೆ ಅದು ಸ್ವಭಾವದಿಂದಲೇ ಇಷ್ಟ, ಮದುವೆ, ಮಗುವಿನ ಜನನ ಮುಂತಾದ ಸಂತೋಷದ ಸಂದರ್ಭಗಳಲ್ಲಿ ವಿನೋದಕ್ಕೆ ಕಾರಣವಾಗುತ್ತದೆ ಎಂಬ ಮಾತನ್ನೂ ಸೇರಿಸುತ್ತಾನೆ. ರಸ, ಭಾವ, ರಂಗಮಂದಿರದ ಅಳತೆ ಎಲ್ಲದಕ್ಕೂ ಕಾರಣ ಕೊಡುವ ಗ್ರಂಥ, ನೃತ್ತದ ವಿಷಯಕ್ಕೆ ಬಂದಾಗ "ಚೆಂದ, ಅದಕ್ಕಾಗಿ" ಎಂದು ಹೇಳಲು ಸಂಕೋಚಪಟ್ಟಿಲ್ಲ. ನೀವೂ ಅತ್ತೆಯವರ ಮುಂದೆ ಸಂಕೋಚಪಡಬೇಕಾಗಿಲ್ಲ.

ನಮ್ಮ ಊರಿನಲ್ಲೇ ನೋಡಿ. ಗಣೇಶನನ್ನು ಬಿಡಲು ಹೋಗುವ ಮೆರವಣಿಗೆಯಲ್ಲಿ ತಮಟೆಯ ಏಟಿಗೆ ಬೀದಿಯುದ್ದಕ್ಕೂ ಕುಣಿದುಕೊಂಡು ಹೋಗುವವರನ್ನು ತಡೆದು ನಿಮ್ಮ ನೃತ್ಯದ ಜೂನಿಯರ್ ಪರೀಕ್ಷೆ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಕೋಲಾಟ, ಸುಗ್ಗಿ ಕುಣಿತಗಳನ್ನು ಆಡಿದ ತಲೆಮಾರುಗಳಿಗೆ ಪ್ರಮಾಣಪತ್ರದ ಕಲ್ಪನೆಯೇ ಇರಲಿಲ್ಲ. ಶಾಸ್ತ್ರೀಯ ನೃತ್ಯದ ವಿಷಯಕ್ಕೆ ಬಂದಾಗ ಮಾತ್ರ ಫಲ ಎಲ್ಲಿ ಎಂದು ಕೇಳುವ ಅಭ್ಯಾಸ ನಮಗೆ ಅಂಟಿಕೊಂಡಿದೆ. ಇದರಲ್ಲಿ ನಮ್ಮ ನಗರದ ಇಂದಿನ ರಂಗಪ್ರವೇಶಗಳ ಪಾಲೂ ಇದೆ ಎಂದು ನನ್ನ ಅಭಿಪ್ರಾಯ. ಸಭಾಂಗಣದ ಬಾಡಿಗೆ, ಹಾಡುಗಾರರು ಮತ್ತು ಪಕ್ಕವಾದ್ಯದವರ ಸಂಭಾವನೆ, ಉಡುಪು, ಪ್ರಸಾಧನ, ಆಮಂತ್ರಣ ಪತ್ರಿಕೆ, ಬಂದವರಿಗೆಲ್ಲ ಊಟ ಎಂದು ಲೆಕ್ಕ ಹಾಕುತ್ತಾ ಹೋದರೆ ಅನೇಕ ಮನೆಗಳಲ್ಲಿ ಅದೊಂದು ಮದುವೆಯ ಖರ್ಚಿಗೆ ಸಮನಾಗುತ್ತದೆ. ಕಲಿಕೆಯ ನಡುವಿನ ಒಂದು ಹಂತವಾಗಿರಬೇಕಾದದ್ದು ಕಲಿಕೆಯ ಸಮಾರೋಪವಾಗಿಬಿಟ್ಟಿರುವುದರಿಂದ, ಆ ಸಮಾರೋಪವಿಲ್ಲದ ಕಲಿಕೆ ನೋಡುವವರಿಗೆ ಅರೆಬರೆಯಾಗಿ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂತೋಷಕ್ಕಾಗಿ ಕಲಿಯುತ್ತೇನೆ ಎನ್ನುವವರಲ್ಲಿ ಕೆಲವರು ಅದನ್ನು "ಹೇಗೆ ಮಾಡಿದರೂ ನಡೆಯುತ್ತದೆ" ಎಂಬುದಕ್ಕೆ ಪರವಾನಗಿ ಎಂದು ತಿಳಿಯುತ್ತಾರೆ, ಮತ್ತು ಅಂಥವರೇ ಮೊದಲು ಬೇಸತ್ತು ತರಗತಿ ಬಿಡುವವರು. ನೃತ್ಯದ ಸಂತೋಷವಿರುವುದು ಅದರ ಕಟ್ಟುನಿಟ್ಟಿನೊಳಗೆ. ನೀವು ಮಾಡುತ್ತಿರುವ ತಟ್ಟಡವನ್ನೇ ತೆಗೆದುಕೊಳ್ಳಿ. ಮಂಡಿಗಳನ್ನು ಹೊರಕ್ಕೆ ಮಡಿಸಿ ಅರ್ಧ ಕೂರುವ ಅರೆಮಂಡಿಯಲ್ಲಿ ಕುಳಿತು, ಹಿಮ್ಮಡಿಯನ್ನು ಹಿಂದಕ್ಕೆ ಮೇಲೆತ್ತಿ, ಇಡೀ ಅಂಗಾಲು ಒಂದೇ ಬಾರಿಗೆ ನೆಲಕ್ಕೆ ತಾಗುವಂತೆ "ತೈಯಾ ತೈ" ಎಂಬ ಸೊಲ್ಲಿಗೆ ತಟ್ಟಬೇಕು, ಹೇಳುವುದಕ್ಕೆ ಇಷ್ಟೇ. ಆದರೆ ಹಿಮ್ಮಡಿ ಕೂದಲೆಳೆಯಷ್ಟು ಮೊದಲು ತಾಗಿದರೆ ಸದ್ದು ಒಡೆದು ಎರಡಾಗುತ್ತದೆ, ಬೆರಳಿನ ಕಡೆ ಮೊದಲು ತಾಗಿದರೆ ಸದ್ದು ತೆಳುವಾಗುತ್ತದೆ, ಸರಿಯಾಗಿ ಬಿದ್ದಾಗ ಮಾತ್ರ ಗುರುಗಳ ತಟ್ಟುಕೋಲಿನ ಸದ್ದಿನೊಳಗೆ ನಿಮ್ಮ ಪಾದದ ಸದ್ದು ಸೇರಿಹೋಗಿ ಎರಡನ್ನೂ ಬೇರ್ಪಡಿಸಲಾಗದಂತೆ ಕೇಳಿಸುತ್ತದೆ. ನೂರು ತಟ್ಟುಗಳಲ್ಲಿ ಹತ್ತು ಹೀಗೆ ಬಿದ್ದರೂ ಆ ಹತ್ತರ ರುಚಿ ಹತ್ತಿದವರಿಗೆ ಮುಂದಿನ ನೂರಕ್ಕೆ ಯಾರ ಒತ್ತಾಯವೂ ಬೇಕಾಗುವುದಿಲ್ಲ. ಒಂದನೆಯ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಇದನ್ನು ಸಾಧಿಸಿದವರು ಅದರ ದುಪ್ಪಟ್ಟು ವೇಗವಾದ ಎರಡನೆಯ ಕಾಲಕ್ಕೆ ಹೋದಾಗ ಎಲ್ಲವೂ ಮತ್ತೆ ಕೆಡುತ್ತದೆ. ಆ ಕೆಡುವಿಕೆಯನ್ನು ಕುತೂಹಲದಿಂದ ನೋಡುವುದು ಅಭ್ಯಾಸವಾದರೆ ನಿಮ್ಮ ಅರ್ಧ ಕಲಿಕೆ ಮುಗಿದಂತೆ.

ದೊಡ್ಡವರಾದ ಮೇಲೆ ಕಲಿಯುವವರಿಗೆ ಒಂದು ವಿಶೇಷ ತೊಡಕಿದೆ. ಮಕ್ಕಳು ನೋಡಿದ್ದನ್ನು ಮೈಯಿಂದ ನೇರವಾಗಿ ಮಾಡಿಬಿಡುತ್ತಾರೆ. ನಾವು ಮೊದಲು ಅರ್ಥಮಾಡಿಕೊಳ್ಳುತ್ತೇವೆ, ಅರ್ಥವಾದದ್ದು ಮೈಗೆ ಬರಲಿಲ್ಲವೆಂದು ಆಮೇಲೆ ನೊಂದುಕೊಳ್ಳುತ್ತೇವೆ. ತಲೆಗೆ ಬಂದದ್ದು ಮೈಗೆ ಇಳಿಯಲು ವಾರಗಳು ಬೇಕು, ನಡುವೆ ನಿದ್ದೆಯೂ ಬೇಕು. ಹಿಂದಿನ ಸಂಜೆ ಹಟ ಹಿಡಿದಿದ್ದ ನಾಟಡವು ಎಂಬ ಅಡವು ಮರುದಿನ ಬೆಳಗ್ಗೆ ತಾನಾಗಿ ಸರಿಯಾಗುವುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಆದ್ದರಿಂದ ಭಾನುವಾರ ಎರಡು ಗಂಟೆ ಮೈ ದಣಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮಾಡುವುದು ಮೇಲು. ಆಫೀಸಿಗೆ ಹೋಗುವ ಮೆಟ್ರೋದಲ್ಲಿ ಸೊಲ್ಲುಕಟ್ಟನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬೆರಳಿನಲ್ಲಿ ತಾಳ ಎಣಿಸಿ, ಅದೂ ಅಭ್ಯಾಸವೇ. ಅರೆಮಂಡಿಯಲ್ಲಿ ಮಂಡಿಗಳು ಪಾದದ ಬೆರಳುಗಳ ದಿಕ್ಕಿಗೇ ತೆರೆದುಕೊಳ್ಳಬೇಕು, ಮತ್ತು ಆ ತೆರೆಯುವಿಕೆ ಸೊಂಟದ ಕೀಲಿನಿಂದ ಬರಬೇಕು. ಪಕ್ಕದ ಹುಡುಗಿಯಷ್ಟು ಪಾದ ತಿರುಗಿಸಬೇಕೆಂದು ಮಂಡಿಯನ್ನು ತಿರುಚಿದರೆ ನೋವು ಖಂಡಿತ. ಅಭ್ಯಾಸದ ಮರುದಿನ ತೊಡೆ ಹಿಡಿದುಕೊಳ್ಳುವುದು ಸಹಜ, ಎರಡು ಮೂರು ದಿನಗಳಲ್ಲಿ ಬಿಡುತ್ತದೆ. ಮಂಡಿಯ ಒಳಗೆ ಚುಚ್ಚುವ ನೋವು ಸಹಜವಲ್ಲ, ಅದಕ್ಕೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು.

ವಯಸ್ಸಿನ ವಿಷಯ ಬಂದಾಗ ಹೆಸರಘಟ್ಟದ ನೃತ್ಯಗ್ರಾಮವನ್ನು ನೆನೆಯದೆ ಇರಲಾಗುವುದಿಲ್ಲ. ಅದನ್ನು 1990ರಲ್ಲಿ ಕಟ್ಟಿದ ಪ್ರೊತಿಮಾ ಬೇಡಿ ಅವರು ಮುಂಬೈಯಲ್ಲಿ ಆಕಸ್ಮಿಕವಾಗಿ ಒಡಿಸ್ಸಿ ಪ್ರದರ್ಶನವೊಂದನ್ನು ನೋಡಿ ಗುರು ಕೇಲುಚರಣ ಮಹಾಪಾತ್ರರ ಬಳಿ ಕಲಿಯಲು ಹೋದಾಗ ಅವರ ವಯಸ್ಸು ಇಪ್ಪತ್ತರ ದಶಕದ ನಡುವನ್ನು ದಾಟಿತ್ತು. ಆಗಲೇ ಮಕ್ಕಳ ತಾಯಿಯಾಗಿದ್ದರು. ಆದರೂ ಈ ಉದಾಹರಣೆಯನ್ನು ಸ್ವಲ್ಪ ಅಳುಕಿನಿಂದಲೇ ಕೊಡುತ್ತಿದ್ದೇನೆ, ಏಕೆಂದರೆ ತಡವಾಗಿ ಕಲಿತು ಪ್ರಸಿದ್ಧರಾದವರ ಹೆಸರನ್ನು ಹೇಳಿದ ಕೂಡಲೇ ನಾವು ಮತ್ತೆ ಫಲದ ಲೆಕ್ಕಕ್ಕೇ ಮರಳುತ್ತೇವೆ. ಪ್ರಸಿದ್ಧರಾಗದೆ, ಕಾರ್ಯಕ್ರಮದ ಮೊದಲ ನೃತ್ಯವಾದ ಅಲರಿಪ್ಪೊಂದನ್ನಷ್ಟೇ ಚೆನ್ನಾಗಿ ಕಲಿತು, ಅದನ್ನು ಮನೆಯ ಕೋಣೆಯಲ್ಲಿ ಮಾಡಿಕೊಂಡಿರುವವರೂ ನೃತ್ಯ ಕಲಿತವರೇ.

ಇನ್ನು ಆ ಒಂಬತ್ತು ವರ್ಷದ ಸಹಪಾಠಿಗಳು. ಅವರ ನಡುವೆ ನಿಲ್ಲಲು ನಾಚಿಕೆಯಾಗುತ್ತದೆ ಎಂದು ನೀವು ಬರೆದಿಲ್ಲ. ಸಾಲುಗಳ ನಡುವೆ ನಾನೇ ಓದಿಕೊಂಡೆ. ಅವರಲ್ಲೊಬ್ಬಳನ್ನು "ಪುಟ್ಟಿ, ಈ ಹಸ್ತ ಸರಿಯಾಗಿದೆಯಾ ನೋಡು" ಎಂದು ಕೇಳಿ. ಬಹಳ ಗಂಭೀರವಾಗಿ ತಿದ್ದುತ್ತಾಳೆ, ಮತ್ತು ಹೆಚ್ಚಿನ ಸಲ ಅವಳು ಹೇಳಿದ್ದು ಸರಿಯಾಗಿರುತ್ತದೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿ. ಆರನೆಯ ವಯಸ್ಸಿನಿಂದ ಭರತನಾಟ್ಯ ಕಲಿತಿದ್ದೇನೆ. ಸೀನಿಯರ್ ಪರೀಕ್ಷೆ ಮುಗಿದಿದೆ, ರಂಗಪ್ರವೇಶವೂ ಆಗಿದೆ, ಈಗ ವಿದ್ವತ್‌ಗೆ ಸಿದ್ಧತೆ. ಆದರೆ ಗೆಜ್ಜೆ ಕಟ್ಟಲು ಮನಸ್ಸೇ ಬರುತ್ತಿಲ್ಲ. ಇನ್‌ಸ್ಟಾಗ್ರಾಂಗೆ ಹಾಕಲು ವಿಡಿಯೋ ಮಾಡುವಾಗ ಮಾತ್ರ ಅಭ್ಯಾಸ ಮಾಡುತ್ತೇನೆ, ಆಮೇಲೆ ಬೇರೆಯವರ ವಿಡಿಯೋ ನೋಡಿ ಕುಗ್ಗಿಹೋಗುತ್ತೇನೆ. ಬಿಟ್ಟುಬಿಡಲೇ?
— ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಸದ್ಯಕ್ಕೆ ಬಿಡಬೇಡಿ, ಆದರೆ ವಿಡಿಯೋವನ್ನು ಕೆಲವು ತಿಂಗಳು ಬಿಡಿ. ಅದರಲ್ಲಿ ದೋಷವಿದೆ ಎಂದು ಹೇಳುತ್ತಿಲ್ಲ, ನಮ್ಮ ಲೋಪಗಳನ್ನು ಕನ್ನಡಿಗಿಂತ ಅದು ಚೆನ್ನಾಗಿ ತೋರಿಸುತ್ತದೆ. ತೊಂದರೆಯೇನೆಂದರೆ, ನಿಮ್ಮ ನೃತ್ಯವನ್ನು ನೀವು ಒಳಗಿನಿಂದ ಅನುಭವಿಸುವುದನ್ನು ನಿಲ್ಲಿಸಿ ಸದಾ ಹೊರಗೆ ನಿಂತು ನೋಡತೊಡಗಿದ್ದೀರಿ. ಮೂವತ್ತು ಸೆಕೆಂಡಿನಲ್ಲಿ ಕಣ್ಣಿಗೆ ಹೊಡೆಯುವಂಥದ್ದನ್ನೇ ಆರಿಸಿ ಆರಿಸಿ, ನಿಧಾನವಾಗಿ ಅರಳುವ ಭಾಗಗಳಿಗೆಲ್ಲ ರಜೆ ಕೊಟ್ಟಿರುತ್ತೀರಿ. ಹದಿಮೂರು ವರ್ಷ ಕಲಿತವರಿಗೆ ನೃತ್ಯ ಬೇಸರವಾಯಿತು ಎಂದರೆ ನಾನು ನಂಬುವುದಿಲ್ಲ, ಪ್ರದರ್ಶನ ಬೇಸರವಾಗಿರಬಹುದು.

ಒಂದು ಪ್ರಯೋಗ ಮಾಡಿ ನೋಡಿ. ಅಭಿನಯಕ್ಕಾಗಿ ಹಾಡುವ ಪದ, ಜಾವಳಿಗಳಲ್ಲಿ ನಿಮಗೆ ಬರುವ ಯಾವುದಾದರೊಂದರಿಂದ ಒಂದೇ ಸಾಲನ್ನು ಆರಿಸಿಕೊಳ್ಳಿ. "ಅವನಿನ್ನೂ ಬರಲಿಲ್ಲ" ಎಂಬ ಅರ್ಥದ ಸಾಲು ಎಂದಿಟ್ಟುಕೊಳ್ಳೋಣ. ಸಾಲನ್ನು ವಿಸ್ತರಿಸಲು ಗುರುಗಳು ಕಲಿಸಿದ ಸಂಚಾರಿ ಅಭಿನಯವನ್ನು ಪಕ್ಕಕ್ಕಿಟ್ಟು, ಕಾಯುವ ಹೆಂಗಸು ಆ ಹೊತ್ತಿನಲ್ಲಿ ಕೈಯಿಂದ ಏನು ಮಾಡುತ್ತಿರಬಹುದು ಎಂದು ಯೋಚಿಸಿ. ವೀಳ್ಯ ಮಡಿಸುತ್ತಿದ್ದಾಳೆ. ಎಡಗೈಯ ಪತಾಕ, ಅಂದರೆ ಬೆರಳು ಜೋಡಿಸಿ ಚಾಚಿದ ಅಂಗೈ, ಅದೇ ಎಲೆ. ಬಲಗೈ ಅದರ ತೊಟ್ಟು ಮುರಿಯುತ್ತದೆ, ಬೆನ್ನನ್ನು ಒರೆಸುತ್ತದೆ, ಬೆರಳ ತುದಿಯ ಸುಣ್ಣವನ್ನು ನರದುದ್ದಕ್ಕೆ ಸವರುತ್ತದೆ. ಹೊರಗೆ ಹೆಜ್ಜೆಯ ಸದ್ದಾಗುತ್ತದೆ. ಸವರುತ್ತಿದ್ದ ಬೆರಳು ಎಲೆಯ ನಡುವಿನಲ್ಲೇ ನಿಲ್ಲುತ್ತದೆ, ತಲೆ ತಿರುಗುವುದಿಲ್ಲ, ಕಣ್ಣು ಮಾತ್ರ ಬಾಗಿಲ ಕಡೆಗೆ ಹೋಗುತ್ತದೆ. ಹೆಜ್ಜೆ ಮನೆಯನ್ನು ದಾಟಿ ಮುಂದಕ್ಕೆ ಹೋಯಿತು. ಬೆರಳು ಮತ್ತೆ ಚಲಿಸಬೇಕು, ಆದರೆ ಈಗ ಸುಣ್ಣ ಸವರುವ ರೀತಿ ಮೊದಲಿನಂತಿರಲು ಸಾಧ್ಯವಿಲ್ಲ. ಹೇಗಿರಬೇಕು ಎಂಬುದನ್ನು ಹುಡುಕುವುದಕ್ಕೆ ಒಂದು ವಾರ ತೆಗೆದುಕೊಳ್ಳಿ. ಮರುವಾರ ಅದೇ ಸಾಲಿಗೆ ಬೇರೆ ಹೆಂಗಸನ್ನು, ಕಾದು ಕಾದು ರೋಸಿಹೋದವಳನ್ನು, ಕರೆದುಕೊಂಡು ಬನ್ನಿ. ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ ಈ ಕೆಲಸ ನಿಮ್ಮನ್ನು ಹಿಡಿದು ಕೂರಿಸಿದರೆ, ಬಿಡುವ ಪ್ರಶ್ನೆ ತಾನಾಗಿ ಮರೆತುಹೋಗುತ್ತದೆ.

ಮೈಸೂರು ಶೈಲಿಯ ಹಿರಿಯರ ಬಲವೇ ಇದಾಗಿತ್ತು. ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು (1906–2002) ಸುಮಾರು ನಲವತ್ತು ವರ್ಷ ಮೈಸೂರು ಅರಮನೆಯ ಆಸ್ಥಾನದಲ್ಲಿ ನರ್ತಿಸಿದವರು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು, 1992ರಲ್ಲಿ ಪದ್ಮಭೂಷಣ ಪಡೆದವರು. ಪದ, ಜಾವಳಿ, ಸಂಸ್ಕೃತದ ಶೃಂಗಾರಕಾವ್ಯವಾದ ಅಮರುಶತಕದ ಶ್ಲೋಕಗಳಿಗೆ ಅಭಿನಯ ಮಾಡುವುದರಲ್ಲಿ ಆ ಪರಂಪರೆಯದ್ದು ದೊಡ್ಡ ಹೆಸರು. ಒಂದೇ ಸಾಲಿನ ಬಗೆಬಗೆಯ ಭಾವಗಳನ್ನು ಬಿಡಿಸಿ ತೋರಿಸುವ ಅಂಥ ಅಭಿನಯಕ್ಕೆ ವಯಸ್ಸಿನ ಹಂಗು ಕಡಿಮೆ, ವೇಗದ ಹಂಗು ಇನ್ನೂ ಕಡಿಮೆ. ನಿಮ್ಮ ಫೋನಿನಲ್ಲಿ ಈಗ ಕಾಣುವ ಸ್ಪರ್ಧೆ ಹೆಚ್ಚಾಗಿ ವೇಗದ್ದು.

ರಂಗಪ್ರವೇಶ ಆದವರಿಗೆ ಇನ್ನೊಂದು ತೊಡಕೂ ಉಂಟು: ತಿದ್ದುವವರು ಕಡಿಮೆಯಾಗುತ್ತಾರೆ. ಗುರುಗಳು ಹೊಸ ಮಕ್ಕಳ ಕಡೆ ತಿರುಗುತ್ತಾರೆ, ತರಗತಿಯಲ್ಲಿ ನೀವು "ಅಕ್ಕ" ಆಗಿ ಮುಂದಿನ ಸಾಲಿನಲ್ಲಿ ನಿಂತು ತೋರಿಸಿಕೊಡುವವರಾಗುತ್ತೀರಿ, ಮತ್ತು ತಪ್ಪು ಮಾಡುವ ಸ್ವಾತಂತ್ರ್ಯ ಕಳೆದುಹೋಗುತ್ತದೆ. ಅದನ್ನು ಮರಳಿ ಪಡೆಯಲು ನಿಮಗೆ ಏನೂ ಬಾರದ ವಿದ್ಯೆಯೊಂದಕ್ಕೆ ಹೊಸಬರಾಗಿ ಸೇರಿಕೊಳ್ಳಿ: ಮೃದಂಗವಾಗಲಿ, ತಾಳ ಹಿಡಿದು ಸೊಲ್ಲು ಹೇಳಿ ನೃತ್ಯ ನಡೆಸುವ ನಟುವಾಂಗವಾಗಲಿ, ಯಕ್ಷಗಾನದ ಹೆಜ್ಜೆಯಾಗಲಿ. ಮಲ್ಲೇಶ್ವರದಲ್ಲಿ ಕಥಕ್ ಮತ್ತು ನೃತ್ಯಸಂಯೋಜನೆಯ ಶಾಲೆ ನಡೆಸಿದ ಮಾಯಾ ರಾವ್ ಅವರು ಶಂಭು ಮಹಾರಾಜರಂಥ ಗುರುಗಳಲ್ಲಿ ಕಲಿತು ಕಥಕ್ ಕಲಾವಿದೆಯಾಗಿ ಬೆಳೆದ ಮೇಲೆ, 1960ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯಸಂಯೋಜನೆಯನ್ನು ಕಲಿತು ಬಂದರು. ಅಷ್ಟು ಬರುವವರು ಭಾಷೆ ಗೊತ್ತಿಲ್ಲದ ದೇಶದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬಸವನಗುಡಿಯ ಆಸುಪಾಸಿನಲ್ಲಿ ಮೃದಂಗದ ಪಾಠ ಹೇಳುವವರು ಸಿಗುತ್ತಾರೆ. ವಿದ್ವತ್ ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಒಂದು ವರ್ಷದಿಂದ ಭರತನಾಟ್ಯ ತರಗತಿಗೆ ಹೋಗುತ್ತಿದ್ದಾಳೆ, ಇನ್ನೂ ಅಡವುಗಳನ್ನೇ ಮಾಡಿಸುತ್ತಿದ್ದಾರೆ. ನಮ್ಮ ರಸ್ತೆಯಲ್ಲೇ ಇರುವ ಇನ್ನೊಂದು ಡ್ಯಾನ್ಸ್ ಕ್ಲಾಸಿನಲ್ಲಿ ಮೂರೇ ತಿಂಗಳಿಗೆ ಮಕ್ಕಳನ್ನು ಸಿನಿಮಾ ಹಾಡಿಗೆ ಸ್ಟೇಜ್ ಹತ್ತಿಸುತ್ತಾರೆ. ಬದಲಾಯಿಸುವುದು ಒಳ್ಳೆಯದೇ?
— ತಂದೆ, ವಿಜಯನಗರ

ಉತ್ತರ: ಅಡವುಗಳಿಗೆ ಒಂದು ವರ್ಷ ಹೆಚ್ಚಲ್ಲ. ನೀವು ಗಮನಿಸಬೇಕಾದದ್ದು ಬೇರೆ. ತರಗತಿಯಿಂದ ಬಂದ ಮೇಲೆ, ಯಾರೂ ಹೇಳದೆ, ಹಲ್ಲುಜ್ಜುವಾಗಲೋ ಬಸ್ಸಿಗೆ ಕಾಯುವಾಗಲೋ ಅವಳ ಕಾಲು ತಟ್ಟುತ್ತದೆಯೇ? ಕೈ ತಾನಾಗಿ ಕತ್ತರಿಮುಖ ಹಸ್ತವೋ ಮಯೂರ ಹಸ್ತವೋ ಆಗುತ್ತದೆಯೇ? ಹಾಗಿದ್ದರೆ ತರಗತಿ ಸರಿಯಾಗಿಯೇ ನಡೆದಿದೆ, ಸ್ಟೇಜಿನ ಆತುರ ಅವಳದ್ದಲ್ಲ, ನಿಮ್ಮದು. ತರಗತಿಯ ದಿನ ಹೊಟ್ಟೆನೋವು ಬರುತ್ತದೆ, ತಟ್ಟುಕೋಲನ್ನು ಕಂಡರೆ ಹೆದರುತ್ತಾಳೆ ಎಂದಾದರೆ ಮಾತ್ರ ಬದಲಾಯಿಸಿ, ತಡಮಾಡಬೇಡಿ. ಸಿನಿಮಾ ಹಾಡಿನ ಕುಣಿತವನ್ನು ಕೀಳಾಗಿ ಕಾಣುವವಳು ನಾನಲ್ಲ, ಅದರಲ್ಲೂ ಅಚ್ಚುಕಟ್ಟು ಬೇಕು, ಮಕ್ಕಳಿಗೆ ಅದು ಖುಷಿಯನ್ನೂ ಕೊಡುತ್ತದೆ; ಮನೆಯಲ್ಲಿ ಹಾಡು ಹಾಕಿ ಅಪ್ಪ ಮಗಳು ಇಬ್ಬರೂ ಕುಣಿಯಿರಿ. ಅದಕ್ಕೆ ಫೀಸ್ ಇಲ್ಲ. ವರ್ಷಕ್ಕೊಮ್ಮೆ ಗುರುಗಳನ್ನು ಭೇಟಿಯಾದಾಗ "ಸ್ಟೇಜ್ ಯಾವಾಗ?" ಎನ್ನುವುದರ ಬದಲು "ಈಗ ಅವಳು ಯಾವುದನ್ನು ಸರಿಪಡಿಸಿಕೊಳ್ಳುತ್ತಿದ್ದಾಳೆ?" ಎಂದು ಕೇಳಿ ನೋಡಿ. ಒಳ್ಳೆಯ ಗುರುಗಳ ಬಳಿ ಇದಕ್ಕೆ ಖಚಿತವಾದ ಉತ್ತರವಿರುತ್ತದೆ.

ಪ್ರಶ್ನೆ: ಸಾಲ್ಸಾ ಎಂಬ ಜೋಡಿ ನೃತ್ಯದ ತರಗತಿಗೆ ಹೋಗುತ್ತಿದ್ದೇನೆ. "ಒನ್ ಟೂ ತ್ರೀ, ಫೈವ್ ಸಿಕ್ಸ್ ಸೆವೆನ್" ಎಂದು ಎಣಿಸುವುದರಲ್ಲೇ ತಲೆ ತುಂಬಿಹೋಗಿ, ಎದುರಿಗಿರುವವರ ಮುಖವನ್ನೂ ನೋಡಲಾಗುವುದಿಲ್ಲ. ಎಲ್ಲರೂ ನನ್ನನ್ನೇ ಗಮನಿಸುತ್ತಿದ್ದಾರೆ ಅನ್ನಿಸುತ್ತದೆ. ಖುಷಿಗೆಂದು ಸೇರಿದ್ದು, ಈಗ ಪರೀಕ್ಷೆಯಂತಾಗಿದೆ.
— ಎಂಜಿನಿಯರ್, ಮಾರತ್ತಹಳ್ಳಿ

ಉತ್ತರ: ಯಾರೂ ನಿಮ್ಮನ್ನು ಗಮನಿಸುತ್ತಿಲ್ಲ, ಅವರೂ ಒಳಗೊಳಗೇ ಎಣಿಸುತ್ತಿದ್ದಾರೆ. ಸಾಲ್ಸಾ ನನ್ನ ಕ್ಷೇತ್ರವಲ್ಲವಾದರೂ ಎಣಿಕೆಯ ಕಷ್ಟ ಎಲ್ಲ ನೃತ್ಯಗಳಿಗೂ ಒಂದೇ. ಎಂಟರ ಎಣಿಕೆಯಲ್ಲಿ ನಾಲ್ಕು ಮತ್ತು ಎಂಟನ್ನು ಬಾಯಿ ಬಿಟ್ಟು ಹೇಳದಿರುವುದಕ್ಕೆ ಕಾರಣವಿದೆ, ಅಲ್ಲಿ ಹೊಸ ಹೆಜ್ಜೆ ಇಲ್ಲ. ಕಲಿಯುವವರು ಆ ಖಾಲಿ ಜಾಗಕ್ಕೆ ಹೆದರಿ ಮುಂದಿನ ಹೆಜ್ಜೆಗೆ ಧಾವಿಸುತ್ತಾರೆ, ಅಲ್ಲಿಂದ ಲಯ ತಪ್ಪುತ್ತದೆ. ಒಂದು ವಾರ ಹೆಜ್ಜೆ ಹಾಕದೆ ಸಂಗೀತವನ್ನಷ್ಟೇ ಕೇಳಿ. ಕಾಂಗಾ ಎಂಬ ಚರ್ಮವಾದ್ಯದ ಪೆಟ್ಟು, ಕ್ಲಾವೆ ಎಂಬ ಎರಡು ಕೋಲುಗಳ ಸದ್ದು ಎಲ್ಲೆಲ್ಲಿ ಬೀಳುತ್ತವೆ ಎಂದು ಹುಡುಕುತ್ತಾ ತೊಡೆಯ ಮೇಲೆ ತಟ್ಟಿ. ಸಂಗೀತ ಕಿವಿಗೆ ಹತ್ತಿದ ಮೇಲೆ ಎಣಿಕೆ ಹಿಂದಕ್ಕೆ ಸರಿಯುತ್ತದೆ. ತರಗತಿಯಲ್ಲಿ ಹೊಸ ತಿರುವುಗಳನ್ನು ಸೇರಿಸಿಕೊಳ್ಳುವ ಆಸೆಯನ್ನು ಸ್ವಲ್ಪ ಮುಂದೂಡಿ, ಮೂಲ ಹೆಜ್ಜೆಯೊಂದರಲ್ಲೇ ಇಡೀ ಹಾಡನ್ನು ಮುಗಿಸಿ. ಜೊತೆಗಾರರಿಗೆ ಬೇಸರವಾಗುತ್ತದೆಂಬ ಭಯ ಬೇಡ: ಹತ್ತು ತಿರುವುಗಳನ್ನು ಅವಸರದಲ್ಲಿ ಎಳೆದಾಡಿಸುವವರಿಗಿಂತ ಲಯದಲ್ಲಿರುವ ಒಂದು ಹೆಜ್ಜೆಯವರ ಜೊತೆ ಕುಣಿಯುವುದು ಹಿತ. ಹೆಜ್ಜೆ ತಪ್ಪಿದರೆ ಒಮ್ಮೆ ನಕ್ಕು ಮುಂದುವರಿಯಿರಿ, ಹಾಡು ಮುಗಿಯುವ ತನಕ ಸಾರಿ ಕೇಳುತ್ತಾ ಇರಬೇಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇವೆ. ಅಭ್ಯಾಸ ಮಾಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಏನು ಮಾಡಲಿ?
— ಗೃಹಿಣಿ, ಯಲಹಂಕ

ಉತ್ತರ: ಅವರ ಪಕ್ಷವೂ ನ್ಯಾಯವೇ. ಕಾಲಿನ ಕೆಲಸವನ್ನು ತಾರಸಿಗೋ ಅಸೋಸಿಯೇಷನ್ ಹಾಲಿಗೋ ಒಯ್ಯಿರಿ, ಮನೆಯೊಳಗೆ ಹಸ್ತ, ದೃಷ್ಟಿ, ಅಭಿನಯ, ಸೊಲ್ಲು ಹೇಳುವುದು ಇವುಗಳನ್ನು ಇಟ್ಟುಕೊಳ್ಳಿ. ಒಂದೇ ಕೈಯಲ್ಲಿ ತೋರಿಸುವ ಅಸಂಯುತ ಹಸ್ತಗಳೇ ಇಪ್ಪತ್ತೆಂಟು ಇರುವಾಗ ಕೆಲಸಕ್ಕೆ ಕೊರತೆಯಿಲ್ಲ. ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ನೆಲ ಬಗ್ಗುವುದಿಲ್ಲವಾದ್ದರಿಂದ ಪೆಟ್ಟೆಲ್ಲ ಮೊಣಕಾಲಿನ ಕೆಳಗಿನ ಮೂಳೆಗೆ ಮರಳುತ್ತದೆ. ಹೀಗಾಗಿ ಕೆಳಮನೆಯವರ ಜಗಳ ನಿಮ್ಮ ಕಾಲಿಗೂ ಉಪಕಾರವೇ. ತಾರಸಿಯೂ ಕಾಂಕ್ರೀಟೇ, ದಪ್ಪ ಚಾಪೆಯನ್ನೋ ಮರದ ಹಲಗೆಯನ್ನೋ ಹಾಸಿಕೊಳ್ಳಿ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ನೃತ್ಯ ಕಲಿತವನಲ್ಲ, ಕಲಿಯುವ ವಯಸ್ಸೂ ಅಲ್ಲ. ಆದರೆ ನೋಡಬೇಕೆಂಬ ಆಸೆಯಿದೆ. ಕಾರ್ಯಕ್ರಮಗಳಿಗೆ ಹೋದರೆ ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಏನು ನೋಡಬೇಕೆಂದೇ ತಿಳಿಯದೆ ಗಡಿಯಾರ ನೋಡುತ್ತೇನೆ. ತಿಳಿಯದವನಿಗೆ ಸವಿಯಲು ದಾರಿಯುಂಟೇ?
— ನಿವೃತ್ತ ಅಧಿಕಾರಿ, ಜಯನಗರ

ಉತ್ತರ: ಉಂಟು ಸ್ವಾಮಿ. ನೀವು ಗಡಿಯಾರ ನೋಡುವ ಹೊತ್ತನ್ನು ಗಮನಿಸಿದರೆ, ಅದು ಬಹುಶಃ ವರ್ಣ ಎಂಬ ನೃತ್ಯಬಂಧ ನಡೆಯುತ್ತಿರುವ ಹೊತ್ತು. ಭರತನಾಟ್ಯದ ಕಾರ್ಯಕ್ರಮಕ್ಕೆ ಹತ್ತೊಂಬತ್ತನೆಯ ಶತಮಾನದ ನಾಲ್ವರು ನಾಟ್ಯಾಚಾರ್ಯರಾದ ತಂಜಾವೂರು ಸಹೋದರರು ಹಾಕಿಕೊಟ್ಟ ಒಂದು ಕ್ರಮವಿದೆ. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದವರು, ಆದ್ದರಿಂದ ಈ ಕ್ರಮದಲ್ಲಿ ನಮಗೂ ಒಂದು ನೆಂಟಸ್ತನವಿದೆ ಎನ್ನಬಹುದು. ಮೊದಲು ಅಲರಿಪ್ಪು, ಮುಂದೆ ಜತಿಸ್ವರ. ಇವೆರಡರಲ್ಲಿ ಕಥೆಯಿಲ್ಲ, ಅರ್ಥ ಹುಡುಕಿ ಆಯಾಸಪಡಬೇಡಿ. ಮೂರನೆಯದಾದ ಶಬ್ದ ಎಂಬ ಬಂಧದಲ್ಲಿ ಸಾಹಿತ್ಯ ಕಾಣಿಸಿಕೊಳ್ಳುತ್ತದೆ. ವರ್ಣ ಎಲ್ಲಕ್ಕಿಂತ ದೀರ್ಘ, ಅರ್ಧ ಗಂಟೆಯನ್ನು ಮೀರುವುದೂ ಉಂಟು. ಆಮೇಲೆ ಪದ, ಜಾವಳಿಗಳ ಅಭಿನಯ, ಕೊನೆಗೆ ತಿಲ್ಲಾನ.

ವರ್ಣದಲ್ಲಿ ದಾರಿ ತಪ್ಪುವುದಕ್ಕೆ ಕಾರಣ, ಅದರಲ್ಲಿ ಎರಡು ಕೆಲಸಗಳು ಸರದಿಯಂತೆ ನಡೆಯುವುದು. ಹಾಡಿನ ಸಾಲೊಂದನ್ನು ಹಿಡಿದು ಅಭಿನಯ ಬೆಳೆಯುತ್ತದೆ, ನಡುವೆ ನಟುವಾಂಗದವರು ಜತಿ, ಅಂದರೆ ಲಯದ ಸೊಲ್ಲುಗಳ ಸರಣಿ, ಹೇಳಲು ತೊಡಗಿದಾಗ ಕಥೆ ನಿಂತು ಶುದ್ಧ ನೃತ್ತ ಬರುತ್ತದೆ. ಜತಿ ಶುರುವಾದ ಕೂಡಲೇ ನಿಮ್ಮ ಕಣ್ಣನ್ನು ಮುಖದಿಂದ ಪಾದಕ್ಕೆ ಇಳಿಸಿ, ಕೈಯಲ್ಲಿ ತಾಳ ಹಾಕಿ. ಆದಿತಾಳವಾದರೆ ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಬೀಸುವುದು ಎರಡು ಬಾರಿ, ಒಟ್ಟು ಎಂಟು. ಲೆಕ್ಕದಲ್ಲಿ ಆಯುಷ್ಯ ಕಳೆದ ನಿಮಗೆ ಇದು ಕಷ್ಟವಾಗದು. ಜತಿ ಎಷ್ಟೆಲ್ಲ ಒಡೆದು ಹೆಣೆದು ಅಡ್ಡಾಡಿದರೂ ಕೊನೆಗೆ ಮೂರು ಬಾರಿ ಒಂದೇ ಮಾತನ್ನು ಹೇಳಿ ತಾಳದ ಗೊತ್ತಾದ ಜಾಗಕ್ಕೆ ಬಂದು ಕೂರುವುದನ್ನು ನೀವು ಮೊದಲೇ ಊಹಿಸತೊಡಗಿದ ದಿನ ಗಡಿಯಾರದ ನೆನಪು ಬರುವುದಿಲ್ಲ. ಸಾಹಿತ್ಯದ ಸಾಲು ಮರಳಿದಾಗ ಕಣ್ಣನ್ನು ಮತ್ತೆ ಮುಖಕ್ಕೆ ಏರಿಸಿ. ಭಾಷೆ ತಮಿಳೋ ತೆಲುಗೋ ಆಗಿದ್ದರೆ ಸಾಲಿನ ಸಾರಾಂಶವನ್ನು ನಿರೂಪಕರು ಹೇಳುವಾಗ ಪಕ್ಕದವರೊಡನೆ ಮಾತಾಡದೆ ಕೇಳಿಸಿಕೊಳ್ಳಿ. ನಮ್ಮ ಸಭಾಂಗಣಗಳಲ್ಲಿ ಆ ಎರಡು ನಿಮಿಷಗಳೇ ಕುಶಲ ವಿಚಾರಿಸುವ ಸಮಯವಾಗಿಬಿಟ್ಟಿವೆ.

"ಕಲಿಯುವ ವಯಸ್ಸಲ್ಲ" ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ತಾಳ ಹಾಕಿ ಊಹಿಸುವುದೂ ಕಲಿಕೆಯೇ, ಮತ್ತು ಒಂದೇ ಕಲಾವಿದೆಯ ಒಂದೇ ವರ್ಣವನ್ನು ವರ್ಷದ ಅಂತರದಲ್ಲಿ ಎರಡು ಬಾರಿ ನೋಡಿ ಏನು ಬದಲಾಯಿತೆಂದು ಗುರುತಿಸಬಲ್ಲ ಪ್ರೇಕ್ಷಕರು ಒಳ್ಳೆಯ ಕಲಾವಿದರಿಗಿಂತಲೂ ಅಪರೂಪ. ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಎ.ಡಿ.ಎ. ರಂಗಮಂದಿರವೂ ಇವೆ, ಮಲ್ಲೇಶ್ವರದಲ್ಲಿ ಸೇವಾಸದನವಿದೆ. ಇಂಥ ಕಡೆಗಳಲ್ಲಿ ನಡೆಯುವ ನೃತ್ಯ ಕಾರ್ಯಕ್ರಮಗಳಲ್ಲಿ ಎಷ್ಟೋ ಉಚಿತವಾಗಿರುತ್ತವೆ. ತೀರಾ ಮುಂದಿನ ಸಾಲುಗಳಲ್ಲಿ ಕುಳಿತರೆ ವೇದಿಕೆಯ ಅಂಚು ಪಾದವನ್ನು ಮರೆಮಾಡುವುದುಂಟು, ಅಲ್ಲದೆ ಅವು ಹೇಗೂ ಗಣ್ಯರಿಗೆ ಮೀಸಲು. ಆರನೆಯದೋ ಏಳನೆಯದೋ ಸಾಲಿನಲ್ಲಿ, ನಟುವಾಂಗದವರ ಕೈಯ ತಾಳವೂ ಕಲಾವಿದೆಯ ಪಾದವೂ ಒಟ್ಟಿಗೆ ಕಣ್ಣಿಗೆ ಬೀಳುವಂಥ ಕುರ್ಚಿಯನ್ನು ಹುಡುಕಿಕೊಳ್ಳಿ.